ಬೇಲೂರಿನವರೆಗೆ ಹಾರನ್ ಇಲ್ಲದೆ

ಮಾರ್ಚ್ 9, ಭಾನುವಾರ, ಬೆಳಿಗ್ಗೆ ಆರೂವರೆ. ಅಕ್ಕ ಎಷ್ಟು ಸಲ ಹಾರನ್ ಒತ್ತುತ್ತಾಳೆಂಬ ಲೆಕ್ಕವನ್ನು ನಾನು ಶುರು ಮಾಡಿದ್ದು ಆಗ.

ಅಕ್ಕ ಪಶುವೈದ್ಯೆ. ನ್ಯೂಜಿಲೆಂಡಿನ ಒಂದು ಡೇರಿ ಫಾರಂನಲ್ಲಿ ತರಬೇತಿಗೆ ಆಯ್ಕೆಯಾಗಿದ್ದಳು. ಹೋಗಿ ಇಳಿದ ಮೊದಲ ವಾರದಲ್ಲೇ ಮಾಲೀಕರ ಎದುರು ಕಾರು ಓಡಿಸಿ ತೋರಿಸಬೇಕು. ಅವರು ಒಪ್ಪದಿದ್ದರೆ ವಾಪಸ್ ಬರಬೇಕು. ಆರ್‌ಟಿಒ ಕಚೇರಿಯಿಂದ ಒಂದು ವರ್ಷದ ಅಂತರರಾಷ್ಟ್ರೀಯ ಡ್ರೈವಿಂಗ್ ಪರ್ಮಿಟ್ ಸಿಕ್ಕಿತು. ಅದರ ಜೊತೆ ನಮ್ಮ ಲೈಸೆನ್ಸ್ ಕಾರ್ಡೂ ಕೈಯಲ್ಲಿರಬೇಕು. ಫೋನಿನಲ್ಲಿ ತೋರಿಸಿದರೆ ನಡೆಯುವುದಿಲ್ಲ. ಅಲ್ಲೂ ನಮ್ಮ ಹಾಗೆ ರಸ್ತೆಯ ಎಡಕ್ಕೇ ಓಡಿಸುವುದು. ಕಷ್ಟವಿದ್ದದ್ದು ಒಂದರಲ್ಲೇ. ಅಪಾಯವಿಲ್ಲದಿದ್ದರೆ ಅಲ್ಲಿ ಹಾರನ್ ಒತ್ತುವಂತಿಲ್ಲ. ನಮ್ಮೂರು ಕಣಕಟ್ಟೆಯಲ್ಲಿ ಅಪ್ಪನ ಜೀಪಿನಲ್ಲಿ ಕಲಿತ ಅಕ್ಕನ ಕೈ ಸದಾ ಹಾರನ್ ಮೇಲೆ.

ಅವತ್ತು ಅರಸೀಕೆರೆಯಿಂದ ಹಳೇಬೀಡಿಗೆ ಎಪ್ಪತ್ತೆರಡು ಸಲ. ಪಕ್ಕದಲ್ಲಿ ಕೂತು ನಾನು ಗೀಟು ಹಾಕುತ್ತಿದ್ದೆ. ಹಿಂದಿನ ಸೀಟಿನಿಂದ ಅಪ್ಪ, "ಹಾರನ್ ಹೊಡೀದೆ ಎಮ್ಮೆ ಹೆಂಗವ್ವಾ ಸರೀತದೆ? ಅದಕ್ಕೇನು ಕಾಗದ ಬರೀತೀಯಾ?" ಎಂದರು.

"ಕಾಯ್ತೀನಪ್ಪಾ."

"ಕಾಯಿ, ಕಾಯಿ. ಸಾಯಂಕಾಲ ಅಲ್ಲೇ ಹಾಲು ಕರ್ಕೊಂಡು ಬರಾನ."

ಪ್ರತಿ ಭಾನುವಾರ ಅದೇ ರಸ್ತೆ. ಮಾದಿಹಳ್ಳಿಯ ಹತ್ತಿರ ದನಗಳು ಅಡ್ಡ ಬಂದಾಗ ಅಕ್ಕ ಒಂದು ದಾರಿ ಕಂಡುಕೊಂಡಳು. "ಕಿವಿ ನಮ್ಮ ಕಡೆ ತಿರುಗಿಸ್ತು ಅಂದ್ರೆ ಗಾಡಿ ಬಂದಿರೋದು ಅದಕ್ಕೆ ಗೊತ್ತಾಯ್ತು ಕಣೋ. ಬೆದರಿಸಿದ್ರೆ ಎತ್ತ ಬೇಕಾದ್ರೂ ಓಡುತ್ತೆ," ಎಂದಳು. ಅಂದಿನಿಂದ ಕಿವಿ ನೋಡಿ ನಿಲ್ಲಿಸತೊಡಗಿದಳು. ಮೂವತ್ತೆಂಟಕ್ಕೆ ಇಳಿಯಿತು, ಆಮೇಲೆ ಹನ್ನೊಂದಕ್ಕೆ. ಕೊನೆಯ ಭಾನುವಾರ ಬೇಲೂರಿನವರೆಗೂ ಹೋದೆವು, ಒಂದೇ ಒಂದು. ಅದೂ ಅಪ್ಪ ತಡೆಯಲಾರದೆ ಹಿಂದಿನಿಂದ ಕೈ ಚಾಚಿ ಒತ್ತಿದ್ದು. ಅದನ್ನು ಅವಳ ಲೆಕ್ಕಕ್ಕೆ ಸೇರಿಸಲಿಲ್ಲ.

ಜೂನ್‌ನಲ್ಲಿ ಅಕ್ಕ ಹೋದಳು. ಪರೀಕ್ಷೆಯ ದಿನ ಹಾಲು ಕರೆಯುವ ಕೊಟ್ಟಿಗೆಗೆ ಹೊರಟಿದ್ದ ಹಸುಗಳ ಹಿಂಡು ರಸ್ತೆ ತುಂಬ ಬಂತಂತೆ. ಅವಳು ಎಂಜಿನ್ ಆರಿಸಿ, ಕೊನೆಯ ಹಸು ದಾಟುವವರೆಗೂ ಸುಮ್ಮನೆ ಕೂತಳು. ಪಕ್ಕದಲ್ಲಿದ್ದ ಮಾಲೀಕರು, ಎಲ್ಲಿ ಕಲಿತೆ ಎಂದು ಕೇಳಿ, ಅಲ್ಲೇ ಕಾರಿನ ಕೀಲಿ ಅವಳಿಗೆ ಒಪ್ಪಿಸಿದರು.

"ಏನಂದೆ ನೀನು?" ಎಂದು ಅಪ್ಪ ಫೋನಿನಲ್ಲಿ ಕೇಳಿದರು.

"ಮಾದಿಹಳ್ಳಿ ಅಂದೆ."

"ಕಣಕಟ್ಟೆ ಅನ್ನಕ್ಕೇನಾಗಿತ್ತು? ಗಾಡಿ ನಂದಲ್ವಾ!"

ಹಾಗೆ ಬೈದರೂ, ಮರುದಿನ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕವರನ್ನೆಲ್ಲ ನಿಲ್ಲಿಸಿ ನಿಲ್ಲಿಸಿ ಅಪ್ಪ ಹಸುವಿನ ಕತೆ ಹೇಳಿದರು. ನಾನು ಪಕ್ಕದಲ್ಲೇ ನಿಂತು ಎಲ್ಲವನ್ನೂ ಕೇಳಿಸಿಕೊಂಡೆ.

ಈಗ ಫಾರಂನವರು ಅಕ್ಕನನ್ನು ಇನ್ನೂ ಆರು ತಿಂಗಳು ಇರು ಎಂದು ಕೇಳಿದ್ದಾರೆ. ಅಷ್ಟರಲ್ಲಿ ಪರ್ಮಿಟ್‌ನ ವರ್ಷ ಮುಗಿಯುತ್ತದೆ. ಊರಿಗೆ ಬಾರದೆ, ಅಲ್ಲಿಂದಲೇ ಹೊಸದನ್ನು ಪಡೆಯಲು ಆಗುತ್ತದೆಯೇ? ಪಡೆದವರು ಯಾರಾದರೂ ಇದ್ದರೆ ದಯವಿಟ್ಟು ನನಗೆ ಬರೆದು ತಿಳಿಸಿ.