ಅವರವರ ಮನೆಯವರಿಗೆ ವೋಟಿಲ್ಲ

ಆಫೀಸಿನಲ್ಲಿ ನನ್ನ ಪಕ್ಕದ ಕ್ಯೂಬಿಕಲ್‌ನಲ್ಲಿ ಸ್ವೀಡನ್ನಿನವನೊಬ್ಬನಿದ್ದ. ಯುರೋಪಿನ ಹಾಡಿನ ಸ್ಪರ್ಧೆಗೆ ಅವರ ದೇಶ ಹಾಡು ಆರಿಸುವುದೆಂದರೆ ದೊಡ್ಡ ಹಬ್ಬವಂತೆ. ತೀರ್ಪುಗಾರರ ಜೊತೆ ಜನರೂ ಮನೆಯಿಂದಲೇ ಫೋನಿನಲ್ಲಿ ವೋಟು ಹಾಕುತ್ತಾರಂತೆ. ಆಮೇಲೆ ಎಲ್ಲ ದೇಶಗಳೂ ಸೇರುವ ಫೈನಲ್‌ನಲ್ಲಿ ಮಾತ್ರ ಯಾವ ದೇಶದವರೂ ತಮ್ಮ ಹಾಡಿಗೇ ವೋಟು ಹಾಕುವಂತಿಲ್ಲ.

ಈ ನಿಯಮ ನನಗೆ ಬಹಳ ಹಿಡಿಸಿತು. ನ್ಯೂಜೆರ್ಸಿಯ ಭಾರತೀಯರ ಕಾರ್ಯಕ್ರಮಕ್ಕೆ ನಮ್ಮ ಕನ್ನಡ ಸಂಘದಿಂದ ಒಂದೇ ಹಾಡು ಹೋಗಬೇಕು. ಪ್ರತಿವರ್ಷ ಅಧ್ಯಕ್ಷರ ಮಗಳೇ ಹೋಗುತ್ತಿದ್ದಳು. ಬೆನ್ನ ಹಿಂದೆ ಎಲ್ಲರದೂ ಗೊಣಗಾಟ. ಈ ಸಲ ಈಸ್ಟ್ ಬ್ರನ್ಸ್‌ವಿಕ್‌ನ ಮೀಟಿಂಗ್‌ನಲ್ಲಿ ನಾನೇ ಎದ್ದು, "ಎಲ್ಲರೂ ವೋಟ್ ಮಾಡೋಣ, ಆದ್ರೆ ಅವರವರ ಮನೆಯವರಿಗೆ ಹಾಕೋ ಹಾಗಿಲ್ಲ" ಅಂದೆ. ಜೋರು ಚಪ್ಪಾಳೆ ಬಿತ್ತು. ಆಯ್ಕೆಯ ದಿನ ಮಕ್ಕಳೆಲ್ಲ ಹಾಡಿದ ಮೇಲೆ ತಮಾಷೆಗೆಂದು ನಾನೂ ಒಂದು ಭಾವಗೀತೆ ಹಾಡಿದೆ.

ಗೆದ್ದಿದ್ದು ನಾನು!

ಕಾರಿನಲ್ಲಿ ಹೆಂಡತಿಯನ್ನು ಕೇಳಿದೆ, "ಅಷ್ಟು ಚೆನ್ನಾಗಿ ಹಾಡಿದ್ನೇನೇ?"

"ಶ್ರುತಿನೇ ಸೇರಲಿಲ್ಲ ರೀ. ಚೆನ್ನಾಗಿ ಹಾಡೋ ಮಗುವಿಗೆ ಹಾಕಿದ್ರೆ ತಮ್ಮ ಮಗು ಸೋತುಹೋಗತ್ತಲ್ಲ, ಅದಕ್ಕೇ ಎಲ್ಲರೂ ನಿಮಗೆ ಹಾಕಿದ್ರು."

"ನೀನು ಯಾರಿಗೆ ಹಾಕಿದೆ?"

"ಅಧ್ಯಕ್ಷರ ಮಗಳಿಗೆ. ನಿಜವಾಗ್ಲೂ ಚೆನ್ನಾಗಿ ಹಾಡೋಳು ಅವಳೊಬ್ಬಳೇ ಅಲ್ವಾ?"

ಆ ಹುಡುಗಿಗೆ ಬಿದ್ದಿದ್ದು ಅದೊಂದೇ ವೋಟು.