ಬೆಟ್ಟ ಮರೆತ ಅಳತೆಗಾರ

ಹೆರೆನ್ನಿಯಸ್ ಇಪ್ಪತ್ತಾರು ವರ್ಷ ಸೀಸರನ ದಂಡಿನಲ್ಲಿ ಬೀದಿಗಳಿಗೆ ಗೆರೆ ಹಾಕಿದವನು. ನಾಲ್ಕು ತೂಗುಗುಂಡುಗಳ ಕೋಲು ನೆಟ್ಟು ಒಂದು ಕಣ್ಣು ಮುಚ್ಚಿದನೆಂದರೆ ಮುಗಿಯಿತು, ಗೆರೆ ಕೂದಲೆಳೆಯಷ್ಟೂ ಆಚೀಚೆ ಆಗುತ್ತಿರಲಿಲ್ಲ. ಆ ಹೆಮ್ಮೆ ಅವನಿಗೆ ತುಸು ಹೆಚ್ಚೇ ಇತ್ತು. ಹಾಸಿಗೆಯನ್ನೂ ಗೋಡೆಗೆ ನೇರ ಮಾಡಿಯೇ ಮಲಗುತ್ತಿದ್ದ.

ನಿವೃತ್ತ ಸಿಪಾಯಿಗಳಿಗಾಗಿ ಆಲ್ಪ್ಸ್ ಕಣಿವೆಯಲ್ಲಿ ಹೊಸ ಊರು ಕಟ್ಟುವಾಗ ಅವನಿಗೆ ಬಂದ ಅಪ್ಪಣೆ ಒಂದೇ: ಸೀಸರನ ಹುಟ್ಟುಹಬ್ಬದ ಬೆಳಿಗ್ಗೆ ಮೊದಲ ಬಿಸಿಲು ದೊಡ್ಡ ಬೀದಿಯುದ್ದಕ್ಕೂ ಹರಿದು ಅವನ ಬಲಿಪೀಠದ ಮೇಲೆ ಬೀಳಬೇಕು. ಆ ದಿನದ ಸೂರ್ಯನಿಗಾಗಿ ಕಾಯಲು ಪುರುಸೊತ್ತಿರಲಿಲ್ಲ. ಹೆರೆನ್ನಿಯಸ್ ವಸಂತದಲ್ಲೇ ನೆರಳು ಅಳೆದು, ಲೆಕ್ಕ ಹಾಕಿ, ಬಯಲುಸೀಮೆಯಲ್ಲಿ ಹಾಕಿದಂತೆಯೇ ಗೆರೆ ಹಾಕಿದ. ಮನೆಗಳೆದ್ದವು.

ಹಬ್ಬಕ್ಕೆ ಮೂರು ದಿನವಿರುವಾಗ ನಸುಕಿನಲ್ಲೇ ಹೋಗಿ ಪೀಠದ ಬಳಿ ನಿಂತು ನೋಡಿದ. ಬೆಟ್ಟ ಹತ್ತಿ ಮುಖ ತೋರುವಷ್ಟರಲ್ಲಿ ಸೂರ್ಯ ಬಲಕ್ಕೆ ಸರಿದುಬಿಟ್ಟಿದ್ದ. ರೊಟ್ಟಿ ಸುಡುವ ವಿಧವೆ ಸಬಿಡಿಯಳ ಮನೆ ಮಾಡಿನ ಹಿಂದಿನಿಂದ ಬಂದ ಬಿಸಿಲು ಎಡಗಡೆಯ ಗೋಡೆಗೆ ಬಿತ್ತು. ಪೀಠ ನೆರಳಲ್ಲಿತ್ತು.

ಓಡಿಹೋಗಿ ಪೂಜಾರಿ ಕೊಮೀನಿಯಸನಿಗೆ ಹೇಳಿದ.

"ಸೀಸರ್ ತಪ್ಪಲ್ಲ, ಸೂರ್ಯ ತಪ್ಪಲ್ಲ. ಇನ್ನು ಉಳಿದವನು ನೀನು," ಎಂದ ಪೂಜಾರಿ. ಆಮೇಲೆ ದನಿ ತಗ್ಗಿಸಿ, "ಆ ರೊಟ್ಟಿಯವಳು ಗೆರೆ ದಾಟಿ ಕಟ್ಕೊಂಡಿದಾಳೆ ಅನ್ನೋಣ. ಮನೆ ಕೆಡವಿದ್ರೆ ಬಿಸಿಲೂ ಬರುತ್ತೆ, ನಿನ್ನ ಮರ್ಯಾದೆನೂ ಉಳಿಯುತ್ತೆ. ನೀನು ಬಾಯಿ ಮುಚ್ಕೊಂಡಿದ್ರೆ ಸಾಕು."

ಮೂರು ದಿನ ಅವನು ಬಾಯಿ ಮುಚ್ಚಿಕೊಂಡೇ ಇದ್ದ. ಅದನ್ನೂ ಹೇಳಿಬಿಡಬೇಕು.

ಹಬ್ಬದ ಬೆಳಿಗ್ಗೆ ಊರೆಲ್ಲ ಸೇರಿತ್ತು. ಪೀಠ ನೆರಳಲ್ಲೇ ಉಳಿದಾಗ ಪೂಜಾರಿ ಸಬಿಡಿಯಳತ್ತ ಬೆರಳು ಮಾಡಿ, ಗೆರೆ ದಾಟಿದವಳು ಇವಳೇ, ಮನೆ ಕೆಡವಿ ಎಂದ. ಆಕೆ ಹಿಟ್ಟಿನ ಕೈಯಲ್ಲೇ ಹೆರೆನ್ನಿಯಸನ ಮುಂದೆ ಬಂದು ನಿಂತಳು.

"ಅಣ್ಣಾ, ನೀವೇ ಅಲ್ವಾ ಗೂಟ ಹೊಡೆದು ಕೊಟ್ಟಿದ್ದು? ಒಂದು ಬೆರಳಾದ್ರೂ ದಾಟಿದೀನಾ? ಹೇಳಿ!"

"ಇಲ್ಲ ಕಣಮ್ಮಾ," ಎಂದ ಹೆರೆನ್ನಿಯಸ್. "ನಿನ್ನ ಗೋಡೆ ಸರಿಯಾಗಿದೆ. ಬೀದಿನೇ ಸೊಟ್ಟ. ಬೆಟ್ಟ ಇರೋದನ್ನ ನಾನು ಮರ್ತೆ."

"ಅಷ್ಟು ದೊಡ್ಡ ಬೆಟ್ಟ ಮರೆಯೋಕೆ ಎಷ್ಟು ಕುಡ್ದಿದ್ದೆ ಮಾರಾಯಾ?" ಎಂದ ಹಿಂದಿನಿಂದ ಒಬ್ಬ ಮುದಿ ಸಿಪಾಯಿ. ಊರಿಗೆ ಊರೇ ನಕ್ಕಿತು. ಅಷ್ಟು ನಗುವಿನ ನಡುವೆ ಮನೆ ಕೆಡವಿಸಲು ಪೂಜಾರಿಗೆ ಬಾಯಿ ಬರಲಿಲ್ಲ.

ಅಂದಿನಿಂದ ಹೆರೆನ್ನಿಯಸನಿಗೆ ಒಂದು ಗೂಟ ಹೊಡೆಯುವ ಕೆಲಸವನ್ನೂ ಯಾರೂ ಕೊಡಲಿಲ್ಲ. ಮಕ್ಕಳು "ತಾತಾ, ಬೆಟ್ಟ ಎಲ್ಲಿ?" ಎಂದು ಕೂಗಿ ಓಡುತ್ತಿದ್ದವು. ಸಾಯುವವರೆಗೂ ಆ ಮಾತು ಅವನನ್ನು ಚುಚ್ಚಿತು. ತಪ್ಪೊಪ್ಪಿಕೊಂಡರೆ ನೆಮ್ಮದಿ ಎನ್ನುವವರು ಎಂದೂ ಏನನ್ನೂ ಒಪ್ಪಿಕೊಂಡವರಲ್ಲ.

ಆದರೂ ವರ್ಷಕ್ಕೊಮ್ಮೆ ಸೀಸರನ ಹಬ್ಬದ ಬೆಳಿಗ್ಗೆ ಎಡಗಡೆಯ ಆ ಗೋಡೆಗೆ ಬೆನ್ನು ಕೊಟ್ಟು ಕೂರುತ್ತಿದ್ದ. ಅತ್ತ ಪೀಠದ ನೆರಳಿನಲ್ಲಿ ಪೂಜಾರಿ ಚಳಿಗೆ ಹಲ್ಲು ಕಟಕಟಿಸುತ್ತ ಪ್ರಾರ್ಥನೆ ಒಪ್ಪಿಸುತ್ತಿದ್ದ. ಬಿಸಿ ರೊಟ್ಟಿ ತಂದು ಸಬಿಡಿಯ ಹೆರೆನ್ನಿಯಸನ ಕೈಗಿಡುತ್ತಿದ್ದಳು.

"ಸೀಸರಿಗೆ ಸಲ್ಲಬೇಕಾದ ಬಿಸಿಲು ನೀವೇ ಕಾಯಿಸ್ಕೋತಿದೀರಲ್ಲ ಅಣ್ಣಾ!"

ಅವನು ತುಸು ಸರಿದು ಅವಳಿಗೂ ಜಾಗ ಮಾಡಿಕೊಡುತ್ತಿದ್ದ.