ಚುಕ್ಕೆಯಿಲ್ಲದ ಡ್ರಾಯರ್

ಪೀಣ್ಯದಲ್ಲಿ ನಾನು ಕೆಲಸ ಮಾಡುವ ಶೆಡ್ಡಿನಲ್ಲಿ ಹಳೆಯ ಮರದ ಸಾಮಾನು ರಿಪೇರಿಯಾಗುತ್ತದೆ. ಮರ ಯಾವುದು, ಪಾಲಿಶ್ ಯಾವುದು, ಏನು ಮಾಡಬಾರದು ಎಂದು ಬರೆದಿಡುವುದು ನನ್ನ ಕೆಲಸ. ನಮ್ಮ ವಂಶದಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವಳು ನಾನು, ಅದೂ ಗಾರ್ಮೆಂಟ್ಸ್‌ನಲ್ಲಿ ದುಡಿಯುತ್ತಾ. ಹಾಗಾಗಿ ಬರೆಯುವುದೆಂದರೆ ನನಗೆ ಸ್ವಲ್ಪ ಜಂಬವೇ.

ವೈಟ್‌ಫೀಲ್ಡಿನ ಒಬ್ಬ ಮೇಡಂ ಕಳಿಸಿದ್ದ ಮೇಜು ರಷ್ಯಾದ್ದು, ಅಲ್ಲಿ ಚಕ್ರವರ್ತಿಗಳು ಆಳುತ್ತಿದ್ದ ಕಾಲದ್ದು. ಮೂರು ಡ್ರಾಯರ್. ಜೇನಿನ ಬಣ್ಣದ ಬರ್ಚ್ ಮರ, ಮೈತುಂಬಾ ಎಳ್ಳು ಚೆಲ್ಲಿದಂತೆ ಕಂದು ಚುಕ್ಕೆ. ಚಳಿನಾಡಿನಲ್ಲಿ ಗಂಟುಗಂಟಾಗಿ ಬೆಳೆಯುವ ಮರದ ಗುಣ ಅದು. ಅರಮನೆಯ ಬಡಗಿಗಳು ಆ ಚುಕ್ಕೆಗಳಿಗಾಗಿಯೇ ಮರ ಹುಡುಕಿ, ತೆಳ್ಳಗೆ ಕೊಯ್ದು, ಹಾಳೆಗೆ ಹಾಳೆ ಕೂಡುವಂತೆ ಸಾಮಾನಿನ ಮೈಗೆ ಅಂಟಿಸುತ್ತಿದ್ದರು. ಮೇಲೆ ಅರಗಿನ ಪಾಲಿಶ್. ಆ ಅರಗು ನಮ್ಮ ದೇಶದಿಂದಲೇ ಹೋಗಿದ್ದಿರಬಹುದು.

ಮೇಜಿಗೆ ಚೀಟಿ ಅಂಟಿಸಿ ಎರಡು ದಿನ ರಜೆ ಹೋದೆ. ಬಂದು ನೋಡುತ್ತೇನೆ, ಮೊದಲ ಡ್ರಾಯರಿನ ಮುಖ ಬೋಳು. ಒಂದು ಚುಕ್ಕೆಯಿಲ್ಲ.

"ಯಾರು ಮಾಡಿದ್ದು ಇದನ್ನ?"

ಬಾಗಲಕೋಟೆ ಕಡೆಯ ನಮ್ಮ ಪಾಲಿಶ್ ಅಣ್ಣ ಎದೆಯುಬ್ಬಿಸಿ ಬಂದ. "ನಾನ ರೀ ಅಕ್ಕಾರ. ಹುಳ ಹತ್ತಿತ್ತು. ಕರಿ ಇದ್ದಿದ್ದೆಲ್ಲಾ ಕೆದರಿ ಪುಟ್ಟಿ ಮೆತ್ತೇನಿ. ಈಗ ಎಲ್ಲೈತಿ ತೋರಸ್ರಿ ನೋಡೂಣು!"

"ಹುಳ ಅಲ್ಲ ಅಣ್ಣ, ಮರ ಇರೋದೇ ಹಂಗೆ! ಚೀಟೀಲಿ ಅಷ್ಟು ದಪ್ಪಕ್ಷರದಲ್ಲಿ ಬರೆದಿದ್ನಲ್ಲ, ಚುಕ್ಕೆ ಮುಟ್ಬೇಡಿ ಅಂತ?"

"ಇಂಗ್ಲೀಷಿನ್ಯಾಗ ಬರದೀರಿ. ಕನ್ನಡದಾಗ ಬರದಿದ್ರ ಓದ್ತಿದ್ನಿ. ನಾ ಏನ್ ಲಂಡನ್ನಿಂದ ಬಂದೇನೇನ್ರಿ?"

ಪಕ್ಕದವರು ನಕ್ಕರು. ನಾನು ಆ ಚೀಟಿ ಕಿತ್ತು ಮುದುರಿದೆ. ಬ್ಯಾಂಕಿನಲ್ಲಿ ಇಂಗ್ಲಿಷ್ ಫಾರಂ ಹಿಡಿದು ಸಿಕ್ಕವರನ್ನೆಲ್ಲ "ಸ್ವಲ್ಪ ಓದಿ ಹೇಳಿ ಸಾರ್" ಎನ್ನುತ್ತಿದ್ದ ಅಪ್ಪನ ಮಗಳು ನಾನು.

ಅವತ್ತೇ ಮಧ್ಯಾಹ್ನ ಮೇಡಂ ಬಂದರು. ತಪ್ಪೊಪ್ಪಿಕೊಳ್ಳಲು ನಾನು ಬಾಯಿ ತೆರೆಯುವಷ್ಟರಲ್ಲಿ ಅವರು ಬೋಳು ಡ್ರಾಯರನ್ನೇ ಸವರಿ, "ಎಷ್ಟು ಕ್ಲೀನ್ ಆಗಿದೆ! ಉಳಿದೆರಡೂ ಹೀಗೇ ಮಾಡ್ಸಿ," ಎಂದರು.

"ಮೇಡಂ, ಆ ಚುಕ್ಕೆ ಇದ್ರೇನೇ ಇದಕ್ಕೆ ಬೆಲೆ. ನಮ್ಮಿಂದ ತಪ್ಪಾಗಿದೆ."

"ಇರಬಹುದು ಕಣ್ರೀ. ಮನೆಗೆ ಬಂದೋರು ಹುಳ ಬಿದ್ದಿದೆ ಅಂದ್ರೆ ಒಬ್ಬೊಬ್ರಿಗೂ ಪಾಠ ಹೇಳ್ತಾ ಕೂತ್ಕೊಳ್ಲಾ?"

ನಮ್ಮ ಓನರ್ ನನಗೆ ಕಣ್ಣಲ್ಲೇ ಸುಮ್ಮನಿರು ಎಂದರು. ಇಷ್ಟು ವರ್ಷ ಓದಿ, ಹಗಲೂ ರಾತ್ರಿ ಮರದ ಬಗ್ಗೆ ತಿಳಿದುಕೊಂಡು, ಕೊನೆಗೆ ನಾನು ಗೆದ್ದದ್ದು ಒಂದೇ ಮಾತು: ಉಳಿದೆರಡನ್ನು ಕೆದರುವುದು ಬೇಡ, ಬಣ್ಣ ಕಲಸಿದ ಮೇಣ ಸವರಿ ಮುಚ್ಚೋಣ, ಮುಂದೆ ಬೇಕೆಂದರೆ ತೆಗೆಯಬಹುದು. "ಕಾಣದಿದ್ರೆ ಸಾಕು," ಎಂದು ಮೇಡಂ ಹೊರಟರು.

ಅಣ್ಣ ಮೇಣ ಸವರಿದ. ನಾನು ಆ ಎರಡೂ ಡ್ರಾಯರಿನ ಒಳಗೆ ಚೀಟಿ ಅಂಟಿಸಿದೆ, ಈ ಸಲ ಕನ್ನಡದಲ್ಲಿ: "ಇದು ಹುಳವಲ್ಲ. ಮೇಣ ತೆಗೆದರೆ ಚುಕ್ಕೆ ಸಿಗುತ್ತದೆ."

ಅಣ್ಣ ಬೆರಳಿಟ್ಟು ಓದಿದ. ಆಮೇಲೆ ತಲೆ ಎತ್ತದೆ ಕೇಳಿದ: "ಮೊದಲನೇದ್ರಾಗ ಏನ್ ಬರೀತೀರಿ ಅಕ್ಕಾರ?"

ಮೇಜು ವೈಟ್‌ಫೀಲ್ಡಿಗೆ ವಾಪಸ್ ಹೋಯಿತು. ಮೊದಲ ಡ್ರಾಯರಿನೊಳಗೆ ನಾನು ಏನೂ ಬರೆಯಲಿಲ್ಲ.